ಬಲಗೆನ್ನೆ ಮಾತ್ರ ಯಾಕೆ ಕಪ್ಪು? ಚರ್ಮ ಕೆಡುವ ಮುಂಚೆ ಕಾಪಾಡಿಕೊಳ್ಳುವ ಲೆಕ್ಕ

ಹೋದ ಮಾರ್ಚಿನಲ್ಲಿ ಒಬ್ಬ ಲಾರಿ ಡ್ರೈವರ್ ನಮ್ಮ ಅಂಗಡಿಗೆ ಬಂದರು. ದಾವಣಗೆರೆಯಲ್ಲಿ ಹೈವೇಗೆ ಹತ್ತಿರದ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಬಂದವರು ಜೇಬಿನಿಂದ ಚೀಟಿ ತೆಗೆದು ಕೌಂಟರ್ ಮೇಲಿಟ್ಟರು. ಮಗಳು ಬರೆದುಕೊಟ್ಟದ್ದು. ‘ಸನ್‌ಸ್ಕ್ರೀನ್, ಎಸ್‌ಪಿಎಫ್ 50, ಪಿಎ ನಾಲ್ಕು ಪ್ಲಸ್.’ “ಅಕ್ಕಾರೆ, ಇದು ಹೆಣ್ಮಕ್ಕಳು ಹಚ್ಚೋದಲ್ವೇನ್ರಿ? ಮಗಳು ಹಠ ಹಿಡಿದಾಳೆ” ಅಂದರು. ನಾನು ಅವರ ಮುಖ ನೋಡಿದೆ. ಎಡಗೆನ್ನೆಗಿಂತ ಬಲಗೆನ್ನೆ ಕಪ್ಪಾಗಿತ್ತು, ಸುಕ್ಕೂ ಆ ಕಡೆಗೇ ಜಾಸ್ತಿ. ಬಲಗೈಯೂ ಹಾಗೇ. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವರು. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಬಿಸಿಲು ಬೀಳುವ ಕಿಟಕಿಯೂ ಬಲಕ್ಕೆ.

2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದ್ದೇ ಒಂದು ಫೋಟೋ ಬಂದಿತ್ತು. ಅಮೆರಿಕದ 69 ವರ್ಷದ ಒಬ್ಬರು, 28 ವರ್ಷ ಡೆಲಿವರಿ ಟ್ರಕ್ ಓಡಿಸಿದವರು. ಅಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾರೆ, ಹಾಗಾಗಿ ಅವರ ಎಡಗೆನ್ನೆ ಪೂರಾ ದಪ್ಪಗಾಗಿ ಸುಕ್ಕು ಬಿದ್ದಿತ್ತು. ಒಂದೇ ಮನುಷ್ಯ, ಒಂದೇ ವಯಸ್ಸು, ಒಂದೇ ಊಟ, ಆದರೆ ಎರಡು ಕೆನ್ನೆ ಬೇರೆ ಬೇರೆ. ವಯಸ್ಸಾದ್ದರಿಂದ ಹೀಗಾಯಿತು ಅಂತ ನಾವು ಅಂದುಕೊಳ್ಳುವುದರಲ್ಲಿ ಬಿಸಿಲಿನ ಪಾಲು ಎಷ್ಟು ದೊಡ್ಡದು ಅಂತ ಗೊತ್ತಾಗಲು ಆ ಒಂದು ಫೋಟೋ ಸಾಕು.

ಆ ಡ್ರೈವರ್ ಬಂದದ್ದು ನನಗೆ ಖುಷಿ ಕೊಟ್ಟಿತು, ಯಾಕೆಂದರೆ ಕೌಂಟರ್ ಈ ಕಡೆ ನಿಂತು ನೋಡುತ್ತಾ ಬಂದಿರುವ ಒಂದು ದೊಡ್ಡ ಬದಲಾವಣೆ ಅದು. ನಾನು ಫಾರ್ಮಸಿ ಮುಗಿಸಿ ಇಲ್ಲಿ ಕೂತ ಹೊಸತರಲ್ಲಿ ಜನ ಕೇಳುತ್ತಿದ್ದದ್ದು ಒಂದೇ: “ಬೆಳ್ಳಗಾಗೋ ಕ್ರೀಮ್ ಕೊಡ್ರಿ.” ಈಗ ವಿದ್ಯಾನಗರದ ಹಾಸ್ಟೆಲ್ ಹುಡುಗಿಯರು ಬಂದು ಸೆರಮೈಡ್ ಇರೋದು ಇದೆಯಾ, ನಿಯಾಸಿನಮೈಡ್ ಎಷ್ಟು ಪರ್ಸೆಂಟ್ ಅಂತ ಕೇಳುತ್ತಾರೆ. ಹುಡುಗರೂ ಕೇಳುತ್ತಾರೆ. ನಲವತ್ತು ದಾಟಿದ ಟೀಚರಮ್ಮಂದಿರು ‘ಬಂಗು ಬರದ ಹಾಗೆ ಏನು ಹಚ್ಚಬೇಕು’ ಅಂತಾರೆ. ಬಂದ ಮೇಲೆ ಓಡಿಸುವ ಮಾತು ಹೋಗಿ, ಬರದ ಹಾಗೆ ನೋಡಿಕೊಳ್ಳುವ ಮಾತು ಬಂದಿದೆ.

ಕಂಪನಿಗಳ ಕಡೆ ನೋಡಿದರೂ ಇದೇ ಕಾಣುತ್ತದೆ. ಫೇರ್ ಅಂಡ್ ಲವ್ಲಿ ಶುರುವಾದದ್ದು 1975ರಲ್ಲಿ. ಬಣ್ಣದ ಬಗ್ಗೆ ಪ್ರಪಂಚದಾದ್ಯಂತ ಪ್ರಶ್ನೆ ಎದ್ದಾಗ, 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಅದರ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿತು. ಅದೇ 2020ರಲ್ಲಿ ಜೈಪುರದಲ್ಲಿ ಮಿನಿಮಲಿಸ್ಟ್ ಅನ್ನುವ ಬ್ರ್ಯಾಂಡ್ ಹುಟ್ಟಿತು. ಬಾಟಲಿಯ ಮೇಲೆ ಒಳಗಿರುವ ವಸ್ತುವಿನ ಹೆಸರು, ಅದು ಎಷ್ಟು ಶೇಕಡ ಇದೆ ಅನ್ನೋದನ್ನೇ ದೊಡ್ಡದಾಗಿ ಬರೆದು ಮಾರಿತು. 2025ರ ಜನವರಿಯಲ್ಲಿ ಅದರ ಶೇ 90.5 ಪಾಲನ್ನು ಕೊಳ್ಳುವುದಾಗಿ ಹೇಳಿದ್ದು ಅದೇ ಹಿಂದೂಸ್ತಾನ್ ಯೂನಿಲಿವರ್. ಜನರ ಕೇಳಿಕೆ ಯಾವ ಕಡೆ ತಿರುಗಿದೆ ಅಂತ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಳ್ಳೆಯದೇ ಆಯಿತು. ಆದರೆ ಇಲ್ಲೊಂದು ತೊಡಕಿದೆ, ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಜ್ವರದ ಮಾತ್ರೆ ತಗೊಂಡರೆ ಜ್ವರ ಇಳಿಯಿತೋ ಇಲ್ಲವೋ ಸಂಜೆಗೆ ಗೊತ್ತಾಗುತ್ತದೆ. ತಡೆಯುವ ಕ್ರೀಮ್ ಹಾಗಲ್ಲ. ಅದು ಸರಿಯಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಕೆಲಸವೇ ಮಾಡದಿದ್ದರೂ ನಾಲ್ಕೈದು ವರ್ಷ ಏನೂ ಆಗದೇ ಇರಬಹುದು. ಕೊಂಡವರಿಗೆ ಎರಡರ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ‘ಈಗಲೇ ಹಚ್ಚಿ, ಮುಂದೆ ಸುಕ್ಕು ಬರಲ್ಲ’ ಅಂತ ಹೇಳಿ ಏನನ್ನು ಬೇಕಾದರೂ ಮಾರಬಹುದು, ಹದಿಮೂರು ವರ್ಷದ ಮಗುವಿಗೂ ಮಾರಬಹುದು. ಯಾವುದಕ್ಕೆ ನಿಜವಾದ ಆಧಾರ ಇದೆ ಅಂತ ನಾವೇ ತಿಳಿದುಕೊಳ್ಳಬೇಕು. ಅದಕ್ಕೆ ಚರ್ಮ ಹೇಗೆ ಕೆಲಸ ಮಾಡುತ್ತದೆ ಅನ್ನೋದರಿಂದ ಶುರು ಮಾಡೋಣ.

ಚಿತ್ರದುರ್ಗದ ಕೋಟೆ ನೋಡಿದ್ದೀರಲ್ಲ. ಅಲ್ಲಿನ ಎಷ್ಟೋ ಗೋಡೆಗಳಲ್ಲಿ ಗಾರೆಯೇ ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿಯೇ ನಿಲ್ಲಿಸಿದ್ದಾರೆ. ನಮ್ಮ ಚರ್ಮದ ಹೊರಗೋಡೆಗೆ ಆ ಶಕ್ತಿ ಇಲ್ಲ. ಅದು ಗಾರೆ ಬೇಕಾದ ಗೋಡೆ. ಮೇಲಿನ ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಯ ಹಾಗೆ ಸಾಲಾಗಿ ಕೂತಿರುತ್ತವೆ, ಹದಿನೈದಿಪ್ಪತ್ತು ಸಾಲು. ಎಲ್ಲಾ ಸೇರಿದರೂ ಮುಖದ ಮೇಲೆ ಒಂದು ಹಾಳೆಯಷ್ಟು ದಪ್ಪ ಬರುವುದಿಲ್ಲ. ಇಟ್ಟಿಗೆಗಳ ನಡುವೆ ಇರುವ ಗಾರೆ ಅಂದರೆ ಕೊಬ್ಬು: ಅರ್ಧದಷ್ಟು ಸೆರಮೈಡ್, ಉಳಿದದ್ದು ಹೆಚ್ಚಾಗಿ ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು. ಈ ಗಾರೆ ಎರಡು ಕೆಲಸ ಮಾಡುತ್ತದೆ. ಒಳಗಿನ ನೀರು ಆರಿಹೋಗದಂತೆ ಹಿಡಿಯುತ್ತದೆ. ಹೊರಗಿನ ಧೂಳು, ರೋಗಾಣು, ರಾಸಾಯನಿಕ ಒಳಗೆ ಬಾರದಂತೆ ತಡೆಯುತ್ತದೆ.

ಗಾರೆ ಉದುರಿದರೆ ಕಿಂಡಿ ಬೀಳುತ್ತದೆ. ದುರ್ಗದವರಿಗೆ ಕಿಂಡಿಯ ಕಥೆ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯ ತೂರುವಷ್ಟು ಸಂದು ಸಿಕ್ಕರೆ ಸಾಕು, ಹಗೆ ಒಳಗೆ ಬರುತ್ತಾನೆ. ಕಾಲಿನ ಹಿಮ್ಮಡಿ ಒಡೆದಾಗ ಆಗುವುದು ಅದೇ. ಶುಗರ್ ಇರುವವರಿಗೆ ಒಡೆದ ಹಿಮ್ಮಡಿಯ ಆ ಸಂದಿಯಿಂದಲೇ ಸೋಂಕು ಹತ್ತಿ, ಕಾಲಿನ ಸ್ಪರ್ಶ ಕಡಿಮೆ ಇರುವುದರಿಂದ ನೋವೂ ತಿಳಿಯದೆ, ಕಡೆಗೆ ಬೆರಳು ತೆಗೆಯುವ ತನಕ ಹೋಗಿದ್ದನ್ನು ನಾನು ಕಂಡಿದ್ದೇನೆ. ನಲವತ್ತು ರೂಪಾಯಿಯ ಪೆಟ್ರೋಲಿಯಂ ಜೆಲ್ಲಿಯನ್ನು ದಿನಾ ರಾತ್ರಿ ಹಿಮ್ಮಡಿಗೆ ಹಚ್ಚುವುದು ಅಂಥವರಿಗೆ ಸೌಂದರ್ಯದ ಮಾತೇ ಅಲ್ಲ.

ಈ ಗೋಡೆಯನ್ನು ನಾವು ದಿನಾ ಕೆಡವುವುದು ಸೋಪಿನಿಂದ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಸ್ವಭಾವದ್ದು, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಸಾಮಾನ್ಯ ಸೋಪು ಕ್ಷಾರ, ಅದರ ಪಿಎಚ್ 9ರಿಂದ 10. ಅದು ಕೊಳೆಯ ಜೊತೆ ಗಾರೆಯನ್ನೂ ಒಂದಿಷ್ಟು ತೊಳೆದುಬಿಡುತ್ತದೆ. ನಮ್ಮ ಕಡೆ ಬೋರ್ ನೀರು ಬೇರೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಕೆಟ್ ಅಂಚಿಗೆ ಬಿಳಿ ಕಿಟ್ಟ ಕಟ್ಟುತ್ತದಲ್ಲ, ಅದೇ ಮೈಮೇಲೂ ಉಳಿಯುತ್ತದೆ. ಡಿಸೆಂಬರಿನಲ್ಲಿ ಒಣಗಾಳಿ ಬೀಸುವಾಗ ಸ್ನಾನ ಮಾಡಿ ಬಂದ ಹತ್ತೇ ನಿಮಿಷಕ್ಕೆ ಮೈ ಬಿಗಿಯುವುದು, ಮೊಣಕಾಲ ಕೆಳಗೆ ಬೂದಿ ಬಳಿದ ಹಾಗೆ ಕಾಣುವುದು ಇದರಿಂದಲೇ. ಸೋಪಿನ ಕಾಗದದ ಮೇಲೆ ಟಿಎಫ್‌ಎಂ ಅಂತ ಒಂದು ಅಂಕಿ ಇರುತ್ತದೆ. 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗ್ರೇಡ್ ಒಂದು. ಅಂದರೆ ಕೊಬ್ಬಿನ ಅಂಶ ಚೆನ್ನಾಗಿದೆ ಅಂತ ಅರ್ಥ. ಆದರೂ ಸೋಪು ಸೋಪೇ, ಕ್ಷಾರ ಎಲ್ಲೂ ಹೋಗುವುದಿಲ್ಲ. ಮೈಗೆಲ್ಲಾ ಎರಡು ಸಲ ಉಜ್ಜಬೇಡಿ. ಬೆವರುವ ಜಾಗಕ್ಕೆ ಸಾಕು.

ಮಾಯಿಶ್ಚರೈಸರ್ ಅಂದರೆ ಆ ಗಾರೆಯನ್ನು ಮತ್ತೆ ಮೆತ್ತುವ ಕೆಲಸ. ಇದಕ್ಕೆ ಸಾವಿರ ರೂಪಾಯಿಯ ಡಬ್ಬಿ ಬೇಕಿಲ್ಲ. ಮುಖ್ಯವಾದದ್ದು ಹೊತ್ತು. ಮೈ ಪೂರಾ ಒಣಗುವ ಮುಂಚೆ, ಸ್ನಾನವಾಗಿ ಮೂರು ನಿಮಿಷದೊಳಗೆ ಹಚ್ಚಬೇಕು, ಆಗ ಚರ್ಮ ಕುಡಿದ ನೀರು ಒಳಗೇ ಉಳಿಯುತ್ತದೆ. ನಮ್ಮ ಅಜ್ಜಿಯರು ಒದ್ದೆ ಮೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರಲ್ಲ, ಅದು ಸರಿಯಾದ ಲೆಕ್ಕವೇ. ಮೊಡವೆ ಏಳುವ ಮುಖಕ್ಕೆ ಮಾತ್ರ ಎಣ್ಣೆ ಬೇಡ, ಹಗುರ ಲೋಷನ್ ಇರಲಿ.

ಇನ್ನು ಬಿಸಿಲು. ಇದೇ ದೊಡ್ಡ ವಿಷಯ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ನಮಗೆ ತಲುಪುವವು ಎರಡು ಬಗೆ. ಯುವಿ-ಬಿ ಚರ್ಮದ ಮೇಲ್ಭಾಗದಲ್ಲೇ ನಿಂತು ಸುಡುತ್ತದೆ, ಉರಿ ಬರಿಸುತ್ತದೆ. ಯುವಿ-ಎ ಸದ್ದಿಲ್ಲದೆ ಆಳಕ್ಕೆ ಇಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿರುವ ನಾರುಗಳನ್ನು ಸಡಿಲ ಮಾಡುತ್ತದೆ. ಕಿಟಕಿಯ ಮಾಮೂಲಿ ಗಾಜು ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ, ಯುವಿ-ಎಯನ್ನು ಬಿಟ್ಟುಬಿಡುತ್ತದೆ. ಆ ಡ್ರೈವರಿನ ಬಲಗೆನ್ನೆ ಒಂದು ದಿನವೂ ಸುಟ್ಟು ಉರಿದಿಲ್ಲದೇ ಇರಬಹುದು, ಆದರೂ ದಿನಾ ಪೆಟ್ಟು ತಿಂದಿದೆ.

ದಾವಣಗೆರೆ ಇರುವುದು ಸಮಭಾಜಕದಿಂದ ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಸಲ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆರಳು ಪಾದದಡಿ ಸೇರಿಕೊಳ್ಳುತ್ತದೆ. ಆ ದಿನಗಳ ಮಧ್ಯಾಹ್ನ ಯುವಿ ಸೂಚ್ಯಂಕ 11 ದಾಟಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 3 ಆದರೇ ಮೈ ಮುಚ್ಚಿಕೊಳ್ಳಲು ಶುರು ಮಾಡಬೇಕು, 11 ಅಂದರೆ ಅತಿರೇಕದ ಮಟ್ಟ. ಆಪ್ ನೋಡಬೇಕಾಗಿಲ್ಲ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಬಲವಾಗಿದೆ ಅಂತ. ಗುಂಡಿ ಸರ್ಕಲ್ಲಿನಲ್ಲಿ ಸಿಗ್ನಲ್‌ಗೆ ನಿಂತಾಗ ಒಮ್ಮೆ ಕೆಳಗೆ ನೋಡಿಕೊಳ್ಳಿ.

ಸನ್‌ಸ್ಕ್ರೀನ್‌ಗೆ ಆಧಾರ ಇದೆಯಾ? ಇದೆ, ಗಟ್ಟಿಯಾಗಿಯೇ ಇದೆ. ಆಸ್ಟ್ರೇಲಿಯಾದ ನ್ಯಾಂಬೂರ್ ಅನ್ನುವ ಊರಿನಲ್ಲಿ 1992ರಲ್ಲಿ ಒಂದು ಪರೀಕ್ಷೆ ಶುರು ಮಾಡಿದರು. ಒಂದು ಗುಂಪು ದಿನಾ ಹಚ್ಚಬೇಕು, ಇನ್ನೊಂದು ಗುಂಪು ತಮಗೆ ತೋಚಿದಾಗ ಹಚ್ಚಬಹುದು. ನಾಲ್ಕೂವರೆ ವರ್ಷ ನಡೆಯಿತು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ದಿನಾ ಹಚ್ಚಿದವರಲ್ಲಿ ಚರ್ಮ ಮುದಿಯಾಗುವುದು ಶೇ 24ರಷ್ಟು ಕಡಿಮೆ ಇತ್ತು. ಅವರು ಹೆಚ್ಚಿನವರು ಬಿಳಿ ಚರ್ಮದವರು, ಅದನ್ನು ಮರೆಯಬಾರದು. ನಮ್ಮ ಚರ್ಮದಲ್ಲಿ ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ವಸ್ತು, ಜಾಸ್ತಿ. ಅದೇ ಒಂದು ಕೊಡೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅವರಿಗಿಂತ ಎಷ್ಟೋ ಕಡಿಮೆ. ಆದರೆ ಅದೇ ಮೆಲನಿನ್ ಸುಲಭವಾಗಿ ಕೆರಳುತ್ತದೆ. ಮೊಡವೆ ಚಿವುಟಿದರೆ ಕಲೆ, ಸೊಳ್ಳೆ ಕಚ್ಚಿದ್ದಕ್ಕೆ ಕಲೆ, ಬಸಿರಿನಲ್ಲಿ ಬಂಗು. ನಮ್ಮವರಿಗೆ ಸನ್‌ಸ್ಕ್ರೀನ್ ಬೇಕಾಗುವುದು ಮುಖ್ಯವಾಗಿ ಇದಕ್ಕೆ. ತೊನ್ನು ಇರುವವರಿಗಂತೂ ಆ ಬಿಳಿ ಜಾಗದಲ್ಲಿ ಕೊಡೆಯೇ ಇಲ್ಲ, ಅವರು ಬಿಡಲೇಬಾರದು.

ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆ ತುಂಬಾ ಗೊಂದಲ ಇದೆ. ಎಸ್‌ಪಿಎಫ್ ಅನ್ನೋದು ಸುಡುವ ಕಿರಣದ ಲೆಕ್ಕ. 15 ಇದ್ದರೆ ಸುಮಾರು ಶೇ 93 ತಡೆಯುತ್ತದೆ, 30 ಇದ್ದರೆ ಶೇ 97, 50 ಇದ್ದರೆ ಶೇ 98. ನೋಡಿ, 30ಕ್ಕೂ 50ಕ್ಕೂ ಹೆಚ್ಚು ದೂರವಿಲ್ಲ. ಪಿಎ ಪಕ್ಕದ ಪ್ಲಸ್‌ಗಳು ಯುವಿ-ಎ ಲೆಕ್ಕ, ಜಪಾನಿನಿಂದ ಬಂದ ಪದ್ಧತಿ, ನಾಲ್ಕು ಪ್ಲಸ್ ಅಂದರೆ ಮೇಲಿನ ಮಟ್ಟ. ನಮ್ಮ ಡ್ರೈವರಿಗೆ ಎಸ್‌ಪಿಎಫ್‌ಗಿಂತ ಇದು ಮುಖ್ಯ, ಅವರ ಮಗಳು ಸರಿಯಾಗಿಯೇ ಬರೆದಿದ್ದಳು. ಬಂಗು ಇರುವವರಿಗೆ ಇನ್ನೊಂದು ಮಾತು. ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮದಲ್ಲಿ ಬಂಗನ್ನು ಹೆಚ್ಚಿಸುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ್ದೇ ಆದ ಸನ್‌ಸ್ಕ್ರೀನ್. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸರು ‘ನಾವು ಬಿಸಿಲಿಗೆ ಹೋಗೋದೇ ಇಲ್ಲ, ಆದರೂ ಬಂಗು ಯಾಕೆ’ ಅಂತ ಕೇಳುತ್ತಾರೆ. ಒಲೆಯ ಬಿಸಿಯೂ ಬಂಗನ್ನು ಕೆಣಕುತ್ತದೆ, ಅದಕ್ಕೆ ಕ್ರೀಮಿಗಿಂತ ಗಾಳಿ ಬೇಕು, ಉರಿಯಿಂದ ಒಂದು ಹೆಜ್ಜೆ ದೂರ ಬೇಕು.

ಈಗ ಎಲ್ಲರೂ ತಪ್ಪುವ ಜಾಗಕ್ಕೆ ಬರೋಣ. ಆ ಅಂಕಿಗಳನ್ನೆಲ್ಲಾ ಅಳೆಯುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಅಷ್ಟು ಹಚ್ಚುವವರು ಬಹಳ ಕಡಿಮೆ. ಅರ್ಧ ಹಚ್ಚಿದರೆ 50 ಅಂತ ಬರೆದದ್ದು 50ರ ಕೆಲಸ ಮಾಡಲ್ಲ, ತುಂಬಾ ಕೆಳಗೆ ಇಳಿಯುತ್ತದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮ್ ಮುಖಕ್ಕೂ ಕುತ್ತಿಗೆಗೂ ಬೇಕು. ಅದು ಒಂದು ಗ್ರಾಂ, ಸ್ವಲ್ಪ ಹೆಚ್ಚು. ದಿನಕ್ಕೆ ಒಂದೇ ಸಲ ಅಂದರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಿಗೆ ಮುಗಿಯಬೇಕು. ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳು ಬಂತು ಅಂತ ಸಂತೋಷಪಡುವವರು ಹಚ್ಚಿದ್ದೇ ಇಲ್ಲ ಅಂತ ಲೆಕ್ಕ. ಹಾಗಾಗಿ ನಾನು ಅಂಗಡಿಯಲ್ಲಿ ಹೇಳುವುದು, ಬೆಲೆ ಜಾಸ್ತಿ ಇರೋದನ್ನು ಇಷ್ಟಿಷ್ಟೇ ಹಚ್ಚುವ ಬದಲು ಕಡಿಮೆ ಬೆಲೆಯದನ್ನು ಧಾರಾಳವಾಗಿ ಹಚ್ಚಿ.

ಜೇಬು ತಡೆಯಲ್ಲ ಅಂದರೆ ಬಟ್ಟೆ ಇದೆ. ಜಗಳೂರು ಕಡೆ ಹೊಲದಲ್ಲಿ ಕೆಲಸ ಮಾಡುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ಟವೆಲ್ ಸುತ್ತಿರುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಸನ್‌ಸ್ಕ್ರೀನ್ ನನ್ನ ಅಂಗಡಿಯಲ್ಲಿಲ್ಲ. ಆರು ತಿಂಗಳ ಒಳಗಿನ ಕೂಸಿಗೂ ಕ್ರೀಮ್ ಬೇಡ, ನೆರಳು ಮತ್ತು ಹತ್ತಿ ಬಟ್ಟೆಯೇ ಸರಿ.

ಸೀರಮ್‌ಗಳ ಬಗ್ಗೆ, ಅಂದರೆ ಮುಖಕ್ಕೆ ಹಚ್ಚುವ ಆ ತೆಳು ದ್ರವಗಳ ಬಗ್ಗೆ, ಹೆಚ್ಚು ಹೇಳುವುದಿಲ್ಲ. ನಿಯಾಸಿನಮೈಡ್ ಅಂದರೆ ವಿಟಮಿನ್ ಬಿ3. ಶೇ 4–5 ಇದ್ದರೆ ಕೆಲಸ ಮಾಡುತ್ತದೆ, ಹತ್ತು ಇದ್ದರೆ ಎರಡು ಪಟ್ಟು ಮಾಡುತ್ತದೆ ಅಂತಲ್ಲ, ಉರಿ ಬರುವುದೇ ಜಾಸ್ತಿ. ರೆಟಿನಾಲ್ ವಿಟಮಿನ್ ಎ ಜಾತಿಗೆ ಸೇರಿದ್ದು. ಮೂವತ್ತು ದಾಟಿದವರಿಗೆ ಉಪಯೋಗ ಇದೆ. ಬಸುರಿಯರು, ಮಗುವಿಗೆ ಪ್ರಯತ್ನ ಮಾಡುತ್ತಿರುವವರು ಮುಟ್ಟಬಾರದು. ಒಂಬತ್ತನೇ ಕ್ಲಾಸಿನ ಹುಡುಗಿ ಬಂದು ಕೇಳಿದರೆ ನಾನು ಕೊಡುವುದಿಲ್ಲ. ಅವಳ ಚರ್ಮ ತಾನಾಗಿಯೇ ತಿಂಗಳಿಗೊಮ್ಮೆ ಹೊಸದಾಗುತ್ತಿದೆ, ಅದನ್ನು ಕೆರೆಯುವ ಅಗತ್ಯವೇ ಇಲ್ಲ. ಕೊಳ್ಳುವುದೇ ಆದರೆ ಹಿಂದಿನ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಫಿನಾಕ್ಸಿಎಥೆನಾಲ್ ಅನ್ನುವುದು ಕ್ರೀಮ್ ಕೆಡದಂತೆ ಇಡುವ ವಸ್ತು, ಸಾಮಾನ್ಯವಾಗಿ ಶೇ 1ನ್ನು ಮೀರಿ ಹಾಕುವುದಿಲ್ಲ. ಮುಂದೆ ದೊಡ್ಡಕ್ಷರದಲ್ಲಿ ಕೇಸರಿ, ಬಾದಾಮಿ ಅಂತ ಬರೆದು, ಹಿಂದಿನ ಪಟ್ಟಿಯಲ್ಲಿ ಅವು ಫಿನಾಕ್ಸಿಎಥೆನಾಲ್ ಆದಮೇಲೆ ಬಂದಿದ್ದರೆ ಎಷ್ಟಿದೆ ಅಂತ ನೀವೇ ಲೆಕ್ಕ ಹಾಕಿ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಇವು ಯಾವುವೂ ಅಲ್ಲ. ಸ್ಟೀರಾಯ್ಡ್ ಕ್ರೀಮ್. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಇಸುಬಿನಂಥ ಕಾಯಿಲೆಗೆ ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಿ. ಆದರೆ ಮುಖಕ್ಕೆ ಹಚ್ಚಿದರೆ ವಾರದಲ್ಲಿ ಬೆಳ್ಳಗೆ ಕಾಣುತ್ತದೆ, ಅದೇ ಆಸೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಹುಟ್ಟುತ್ತದೆ, ಬಿಟ್ಟರೆ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ನವೆ ನಿಲ್ಲುತ್ತದೆ, ಹುಳುಕಡ್ಡಿ ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಪಕ್ಕದ ಮನೆಯವರು ಹಚ್ಚುವ ಟ್ಯೂಬ್ ತೋರಿಸಿ ಕೇಳುವವರು ವಾರಕ್ಕೆ ನಾಲ್ಕು ಜನ ಬರುತ್ತಾರೆ. ಕೊಡಲ್ಲ ಅಂದರೆ ಸಿಟ್ಟಾಗಿ ಹೋಗುತ್ತಾರೆ. ಸಿಟ್ಟಾದರೂ ಪರವಾಗಿಲ್ಲ. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ ನಿಧಾನಕ್ಕೆ ಬಿಡಿಸಿಕೊಳ್ಳಿ.

ಇನ್ನೊಂದು ಪಾದರಸ. ಮೆಲನಿನ್ ಹುಟ್ಟದಂತೆ ತಡೆಯುತ್ತದೆ ಅಂತ ಕೆಲವು ಬೆಳ್ಳಗಾಗಿಸುವ ಕ್ರೀಮ್‌ಗಳಲ್ಲಿ ಕದ್ದು ಸೇರಿಸುತ್ತಾರೆ. ಅದು ಚರ್ಮದಿಂದ ರಕ್ತಕ್ಕೆ ಹೋಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆ ಸಾಲಾಗಿ ಕಾಣಿಸಿಕೊಂಡು, ವೈದ್ಯರು ಹುಡುಕುತ್ತಾ ಹೋದಾಗ ಹೆಚ್ಚಿನವರು ಇಂಥ ಕ್ರೀಮ್ ಹಚ್ಚುತ್ತಿದ್ದದ್ದು ತಿಳಿಯಿತು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ ಡಬ್ಬಿಯನ್ನು ಸಂತೆಯಲ್ಲಾಗಲಿ ಫೋನಿನಲ್ಲಾಗಲಿ ಕೊಳ್ಳಬೇಡಿ. ಮನೆಮದ್ದು ಅಂತ ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಬೇಡ. ನಿಂಬೆಯಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದಾಗ ಚರ್ಮ ಸುಟ್ಟು ಕಪ್ಪು ಕಲೆ ಉಳಿಸುತ್ತವೆ. ಹಣೆಗೆ ಸ್ಟಿಕ್ಕರ್ ಇಟ್ಟ ಜಾಗದಲ್ಲಿ ಬಿಳಿ ಮಚ್ಚೆ ಕಂಡರೆ ಅದು ಅಂಟಿನ ಕೆಲಸ ಇರಬಹುದು, ಆವತ್ತೇ ಸ್ಟಿಕ್ಕರ್ ಬಿಡಿ.

ಕ್ರೀಮ್ ಕೇಳಿಕೊಂಡು ಬಂದವರಿಗೆ ಕೆಲವೊಮ್ಮೆ ನಾನು ಕ್ರೀಮ್ ಕೊಡದೆ ಕಳಿಸುತ್ತೇನೆ. ಕುತ್ತಿಗೆ ಹಿಂಭಾಗ, ಕಂಕುಳು ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ ಅದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಚರ್ಮ ಹೇಳುವ ರೀತಿ ಅದು. ಎಷ್ಟೋ ತಾಯಂದಿರು ಮಗಳ ಕುತ್ತಿಗೆಯನ್ನು ಕಲ್ಲಿನಿಂದ ಉಜ್ಜಿ, ಬೈದು, ಕೊನೆಗೆ ಕ್ರೀಮಿಗೆ ಬರುತ್ತಾರೆ. ಆ ಮಗುವಿನ ಕುತ್ತಿಗೆ ಉಜ್ಜಬೇಡಿ, ಶುಗರ್ ಪರೀಕ್ಷೆ ಮಾಡಿಸಿ, ತೂಕ ನೋಡಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಬಣ್ಣ ತಿಳಿಯಾಗಿ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಅದು ಕುಷ್ಠ ಇರಬಹುದು. ಹೆದರಬೇಡಿ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಬೇಗ ಹೋದಷ್ಟೂ ಕೈಕಾಲು ಉಳಿಯುತ್ತದೆ.

ಆ ಡ್ರೈವರ್ ಇಪ್ಪತ್ತು ದಿನಕ್ಕೆ ವಾಪಸ್ ಬಂದರು. “ಏನ್ರಿ ಅಕ್ಕಾರೆ, ಇಷ್ಟ್ ಬೇಗ ಮುಗೀತು. ಬೆರಳಿಗೆ ಎರಡು ಗೆರೆ ಅಂದ್ರಿ, ಹಾಗೇ ಹಚ್ಚಿದೆ. ಕೈಗೂ ಬಳ್ಕೊಂಡೆ.” ನನಗೆ ಎಷ್ಟು ಸಂತೋಷವಾಯಿತು ಅಂದರೆ, ಅಂಗಡಿಯಲ್ಲಿ ಲೆಕ್ಕ ಸರಿಯಾಗಿ ಕೇಳಿಸಿಕೊಂಡು ಹೋದವರು ಅವರೊಬ್ಬರೇ ಅನ್ನಿಸಿತು. ಎರಡನೇ ಟ್ಯೂಬ್ ಕೊಟ್ಟು, “ಅಣ್ಣಾ, ಇದು ಮುಖಕ್ಕೆ, ಕುತ್ತಿಗೆಗೆ ಮಾತ್ರ ಇರಲಿ. ಕೈಗೆ ಒಂದು ತುಂಬುತೋಳಿನ ಹತ್ತಿ ಅಂಗಿ ಹಾಕ್ಕೊಳ್ಳಿ, ಖರ್ಚು ಅರ್ಧ ಆಗುತ್ತೆ” ಅಂದೆ. ಹೂಂ ಅಂದು ಹೋದರು. ಹುಬ್ಬಳ್ಳಿಗೆ ಲೋಡ್ ಇತ್ತಂತೆ.